ಜೇಬಿನ ಚಾಕುವೂ ಸಾಮೀಪ್ಯವೆಂಬ ಗುಣವೂ

ಕಳೆದ ವೈಶಾಖದಲ್ಲಿ ತೀರ್ಥಹಳ್ಳಿಯ ಸೀಮೆಯ ಒಂದು ಮನೆಯಲ್ಲಿ ನಡೆದ ಮದುವೆಯಲ್ಲಿ, ಧಾರೆಯ ಮುಹೂರ್ತಕ್ಕೆ ಇನ್ನು ಹತ್ತು ನಿಮಿಷಗಳಿರುವಾಗ, ಮೊಮ್ಮಗಳಿಗಾಗಿ ತಾವೇ ರಚಿಸಿದ ಮಂಗಳಾಷ್ಟಕವನ್ನು ಓದಲೆಂದು ಕಾಗದ ಬಿಡಿಸಿದ ವೃದ್ಧರೊಬ್ಬರ ಕನ್ನಡಕದ ಒಂದು ಕಾಲು ಕಳಚಿ ಅವರ ಕೈಗೆ ಬಂದಿತು. ಎಳ್ಳುಕಾಳಿನಷ್ಟು ಸಣ್ಣದಾದ ಅದರ ತಿರುಪು ಪುಣ್ಯಕ್ಕೆ ಶಲ್ಯದ ಮಡಿಕೆಯಲ್ಲಿಯೇ ಸಿಕ್ಕಿತು. ಸಿಗದೆ ಹೋದುದು ಅದನ್ನು ಬಿಗಿಯುವ ಸಾಧನ. ಆ ಮನೆಯವರು ಬಡವರಲ್ಲ, ಅವ್ಯವಸ್ಥೆಯವರೂ ಅಲ್ಲ. ಅಟ್ಟದ ಕೋಣೆಯಲ್ಲಿ ಬಗೆಬಗೆಯ ಸ್ಕ್ರೂಡ್ರೈವರುಗಳನ್ನು ಅಳತೆಯ ಕ್ರಮದಲ್ಲಿ ಜೋಡಿಸಿಟ್ಟ ಪೆಟ್ಟಿಗೆಯೇ ಅವರಲ್ಲಿದ್ದಿತು. ಆದರೆ ಕೋಣೆಗೆ ಬೀಗ ಹಾಕಿದ್ದಿತು. ಬೀಗದ ಕೈ ನೆಂಟರನ್ನು ಕರೆತರಲು ಪೇಟೆಗೆ ಹೋಗಿದ್ದ ಹಿರಿಯ ಮಗನ ಬಳಿ ಇದ್ದಿತು. ನಾನು ಜೇಬಿನಿಂದ ನನ್ನ ಚಾಕುವನ್ನು ತೆಗೆದು, ಅದರ ಬೆನ್ನಿನಲ್ಲಿ ಮಡಿಸಿರುವ ಬಿರಡೆ ಕೀಳುವ ಸುರುಳಿಯನ್ನು ಬಿಡಿಸಿ, ಆ ಸುರುಳಿಯ ಒಡಲೊಳಗೆ ತಿರುಪಿ ಕೂಡಿಸಿದ್ದ, ಬೆಂಕಿಕಡ್ಡಿಗಿಂತಲೂ ಗಿಡ್ಡವಾದ ಪುಟ್ಟ ತಿರುಪುಳಿಯನ್ನು ಹೊರತೆಗೆದೆನು. ಎರಡು ನಿಮಿಷಗಳಲ್ಲಿ ಕಾಲು ಸ್ಥಿರವಾಯಿತು, ವೃದ್ಧರು ಓದಿದರು, ಎಂಟನೆಯ ಪದ್ಯಕ್ಕೆ ಬಂದಾಗ ಅವರ ಕಂಠ ಗದ್ಗದವಾಯಿತು. ಅದನ್ನು ಕೇಳುತ್ತ ನಿಂತ ನನಗೆ ಆದ ಸಂತೋಷದ ಸ್ವರೂಪವೇನೆಂಬುದನ್ನು ಅಂದಿನಿಂದ ಆಲೋಚಿಸುತ್ತಿದ್ದೇನೆ.

ಹಲವು ಉಪಕರಣಗಳನ್ನು ಒಂದೇ ಹಿಡಿಯಲ್ಲಿ ಮಡಿಸಿಟ್ಟುಕೊಂಡ ಚಾಕುವೊಂದನ್ನು ಪ್ರತಿದಿನವೂ ಜೇಬಿನಲ್ಲಿರಿಸಿಕೊಂಡು ಓಡಾಡುವುದು ಕೆಲವರಿಗೆ ಒಂದು ಹವ್ಯಾಸವಾಗಿಯೂ ಕೆಲವರಿಗೆ ಹುಡುಗಾಟಿಕೆಯ ಶೇಷವಾಗಿಯೂ ತೋರುತ್ತದೆ. ನನಗೆ ಅದು ಬೆಲೆಯುಳ್ಳ ಒಂದು ಅಭ್ಯಾಸವೆಂದೇ ತೋರಿದೆ; ಅದರ ಸುಖವು ವಸ್ತುವನ್ನು ಹೊಂದಿರುವುದರ ಸುಖಕ್ಕಿಂತ ಬೇರೆ ಜಾತಿಯದೆಂದೂ ತೋರಿದೆ. ಸಾಲೋಕ್ಯ, ಸಾಮೀಪ್ಯ, ಸಾರೂಪ್ಯ, ಸಾಯುಜ್ಯಗಳೆಂದು ಮುಕ್ತಿಯನ್ನು ನಾಲ್ಕಾಗಿ ಎಣಿಸಿದ ನಮ್ಮ ಹಿರಿಯರು ಬಳಿಯಲ್ಲಿರುವುದನ್ನೇ ಒಂದು ಪದವಿಯೆಂದು ಗಣಿಸಿದರಷ್ಟೆ. ಉಪಕರಣಗಳ ಲೋಕದಲ್ಲಿ ನಾವು ಈ ಗಣನೆಯನ್ನು ಮರೆತಿದ್ದೇವೆ. ಉಕ್ಕು ಎಷ್ಟು ಗಟ್ಟಿ, ಹಿಡಿ ಎಷ್ಟು ಭದ್ರ, ಅಲಗು ಎಷ್ಟು ಹರಿತ ಎಂದು ಕೇಳುವ ನಾವು, ಬೇಕಾದ ಗಳಿಗೆಯಲ್ಲಿ ಅದು ಎಲ್ಲಿರುತ್ತದೆ ಎಂದು ಕೇಳುವುದಿಲ್ಲ. ಸಾಮೀಪ್ಯವೂ ಉಪಕರಣದ ಒಂದು ಗುಣ. ನಿತ್ಯಜೀವನದ ಮಟ್ಟಿಗೆ ಹೇಳುವುದಾದರೆ, ಮೊದಲನೆಯ ಗುಣ.

ಇದಕ್ಕೆ ಒಡನೆಯೇ ಬರತಕ್ಕ ಆಕ್ಷೇಪಣೆಯೊಂದುಂಟು, ಮತ್ತು ಅದು ಬಲವಾದುದೇ. ಎಲ್ಲ ಕೆಲಸಕ್ಕೂ ಒದಗುವೆನೆಂಬ ವಸ್ತು ಯಾವ ಕೆಲಸವನ್ನೂ ಚೆನ್ನಾಗಿ ಮಾಡಲಾರದು. ಬಡಗಿಯ ಚೀಲದಲ್ಲಿ ಇಂಥದನ್ನು ಯಾರೂ ಕಾಣರು. ಈ ಮಾತನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಇದರ ಸ್ಕ್ರೂಡ್ರೈವರನ್ನು ಬಲವಾಗಿ ತಿರುಗಿಸಿದರೆ ಅಗಲವಾದ ಹಿಡಿ ಅಂಗೈಯನ್ನು ಒತ್ತುತ್ತದೆ. ಇಕ್ಕಟ್ಟಾದ ಮೂಲೆಯಲ್ಲಿರುವ ತಿರುಪನ್ನು ಅದು ಮುಟ್ಟಲಾರದು. ಕತ್ತರಿ ದಪ್ಪ ಬಟ್ಟೆಗೆ ಸೋಲುತ್ತದೆ. ಗರಗಸವಿರುವ ಮಾದರಿಗಳಲ್ಲಿ ಅದು ಹೆಬ್ಬೆರಳ ಗಾತ್ರದ ಕೊಂಬೆಗೆ ಸರಿ, ತೊಲೆಗೆ ಅಲ್ಲ. ಆದರೆ ಆಕ್ಷೇಪಣೆ ಮಾಡುವವರು ಹೋಲಿಸುತ್ತಿರುವುದು ಯಾವುದನ್ನು ಯಾವುದರೊಡನೆ? ಕೈಯಲ್ಲಿರುವ ಸಾಧಾರಣ ತಿರುಪುಳಿಯನ್ನು ಕೈಯಲ್ಲಿರುವ ಉತ್ತಮ ತಿರುಪುಳಿಯೊಡನೆ. ಬದುಕು ನಮ್ಮ ಮುಂದೆ ಈ ಆಯ್ಕೆಯನ್ನು ಒಡ್ಡುವುದು ಬಹಳ ಅಪರೂಪ. ಜೇಬಿನ ಸಾಧಾರಣವನ್ನು ಅಟ್ಟದ ಉತ್ತಮದೊಡನೆ ಹೋಲಿಸಬೇಕು. ಮುಹೂರ್ತ ಮೀರುವುದರೊಳಗೆ ಯಾವುದು ಒದಗೀತೆಂದು ಕೇಳಬೇಕು. ಬಡಗಿಯ ಕೆಲಸ ಬಡಗಿಯನ್ನು ಹುಡುಕಿಕೊಂಡು ಬರುತ್ತದೆ. ಅವನು ಅದಕ್ಕೆ ಸಿದ್ಧನಾಗಿ ಚೀಲ ಹೊತ್ತು ನಡೆಯುತ್ತಾನೆ. ಉಳಿದ ನಮ್ಮ ಕೆಲಸಗಳು ಹೇಳಿಕೇಳಿ ಬರುವುವಲ್ಲ.

ಈ ಚಾಕುವಿನ ಹುಟ್ಟಿನ ಕಥೆಯೂ ಇದನ್ನೇ ಹೇಳುತ್ತದೆ. ಸ್ವಿಟ್ಜರ್‌ಲೆಂಡಿನ ಶ್ವೀಜ್ ಪ್ರಾಂತದ ಈಬಾಖ್ ಎಂಬ ಹಳ್ಳಿಯಲ್ಲಿ ಕಾರ್ಲ್ ಎಲ್ಸನರ್ ಎಂಬ ಚಾಕು ತಯಾರಕನು ೧೮೮೪ರಲ್ಲಿ ತನ್ನ ಕಾರ್ಯಾಗಾರವನ್ನು ತೆರೆದನು. ಆ ದೇಶದ ಸೇನೆಯು ೧೮೮೯ರ ಮಾದರಿಯ ಹೊಸ ಬಂದೂಕನ್ನು ಸ್ವೀಕರಿಸಿದ್ದ ಕಾಲವದು. ಅದನ್ನು ಬಿಚ್ಚಿ ಜೋಡಿಸುವುದಕ್ಕೆ ಸ್ಕ್ರೂಡ್ರೈವರು ಬೇಕಾಗಿದ್ದಿತು, ಡಬ್ಬಿಗಳಲ್ಲಿ ಬರುತ್ತಿದ್ದ ಆಹಾರವನ್ನು ತೆರೆಯುವುದಕ್ಕೆ ಇನ್ನೊಂದು ಸಾಧನ ಬೇಕಾಗಿದ್ದಿತು. ಒಂದು ಅಲಗು, ಒಂದು ತೂತು ಕೊರೆಯುವ ಮೊನೆ, ಡಬ್ಬಿ ತೆರೆಯುವ ಕೊಕ್ಕು, ತಿರುಪುಳಿ, ಇವಿಷ್ಟನ್ನು ಕಪ್ಪು ಬಣ್ಣದ ಮರದ ಹಿಡಿಯಲ್ಲಿ ಮಡಿಸಿದ ಸಿಪಾಯಿಯ ಚಾಕುವನ್ನು ಸೇನೆ ನಿಶ್ಚಯಿಸಿತು. ಮೊದಲ ಕಂತು ಜರ್ಮನಿಯ ಜೋಲಿಂಗನ್ ಪಟ್ಟಣದಲ್ಲಿ ತಯಾರಾಯಿತು. ತನ್ನ ಸೀಮೆಯ ಸೈನಿಕರಿಗೆ ತನ್ನ ಸೀಮೆಯವರೇ ಚಾಕು ಮಾಡಿಕೊಡಬೇಕೆಂಬ ಹಟದಿಂದ ಎಲ್ಸನರನು ದೇಶದ ಇತರ ಚಾಕು ತಯಾರಕರನ್ನು ಕೂಡಿಸಿಕೊಂಡು ೧೮೯೧ರಲ್ಲಿ ಪೂರೈಕೆ ಆರಂಭಿಸಿದನು. ಜರ್ಮನಿಯ ದೊಡ್ಡ ಕಾರ್ಖಾನೆಗಳ ಅಗ್ಗದ ಬೆಲೆಗೆ ಎದುರಾಗಿ ನಿಲ್ಲಲಾರದೆ ಜೊತೆಯವರು ಹಿಂದೆ ಸರಿದರು; ಅವನು ಸಾಲದಲ್ಲಿ ಮುಳುಗಿಯೂ ಬಿಡಲಿಲ್ಲ.

೧೮೯೭ರ ಜೂನ್ ೧೨ರಂದು ಅವನು ನೋಂದಾಯಿಸಿದ ‘ಅಧಿಕಾರಿಗಳ ಚಾಕು’ವಿನಲ್ಲಿ ನಿಜವಾದ ಕಲ್ಪನೆ ಕಾಣುತ್ತದೆ. ಮಡಿಸುವ ಚಾಕುವಿನ ಬೆನ್ನಿನಲ್ಲಿ ಒಂದು ಉಕ್ಕಿನ ಪಟ್ಟಿ ಸ್ಪ್ರಿಂಗಿನಂತೆ ಕೆಲಸ ಮಾಡುತ್ತದೆ. ಅಲಗಿನ ಬುಡವನ್ನು ಅದು ಒತ್ತಿ ಹಿಡಿಯುವುದರಿಂದಲೇ ಅಲಗು ತೆರೆದಾಗ ತೆರೆದೂ ಮುಚ್ಚಿದಾಗ ಮುಚ್ಚಿಯೂ ನಿಲ್ಲುತ್ತದೆ. ಒಂದೊಂದು ಅಲಗಿಗೂ ಒಂದೊಂದು ಪಟ್ಟಿ ಬೇಕೆಂದಾದರೆ ಚಾಕು ಇಟ್ಟಿಗೆಯಾಗುತ್ತದೆ. ಎಲ್ಸನರನು ಅದೇ ಪಟ್ಟಿಯ ಹೊಟ್ಟೆಯ ಕಡೆ ಅಲಗುಗಳನ್ನೂ ಬೆನ್ನಿನ ಕಡೆ ಸುರುಳಿಯನ್ನೂ ಮೊನೆಯನ್ನೂ ಕೂಡಿಸಿ, ಎರಡೇ ಪಟ್ಟಿಗಳಿಂದ ಆರು ಉಪಕರಣಗಳನ್ನು ದುಡಿಸಿದನು. ಉಪಕರಣಗಳ ಸಂಖ್ಯೆ ಹೆಚ್ಚಿತು, ಭಾರ ಹೆಚ್ಚಲಿಲ್ಲ. ಸೇನೆ ಅದನ್ನು ಅಧಿಕೃತವಾಗಿ ಹಂಚಲಿಲ್ಲ. ಅಧಿಕಾರಿಗಳು ತಮ್ಮ ಹಣದಿಂದಲೇ ಕೊಂಡರು. ಒತ್ತಾಯವಿಲ್ಲದೆ ಕೊಂಡುಕೊಂಡು ಜೇಬಿಗಿಳಿಸಿದ ಆ ಜನರೇ ಈ ಅಭ್ಯಾಸದ ಮೊದಲ ರಸಿಕರೆಂದು ನಾನು ಭಾವಿಸುತ್ತೇನೆ. ತಾಯಿ ವಿಕ್ಟೋರಿಯಾ ೧೯೦೯ರಲ್ಲಿ ತೀರಿಕೊಂಡಾಗ ಎಲ್ಸನರನು ಆಕೆಯ ಹೆಸರನ್ನೇ ತನ್ನ ಸರಕಿಗೆ ಇಟ್ಟನು. ತುಕ್ಕು ಹಿಡಿಯದ ಉಕ್ಕು ಬಂದ ಮೇಲೆ ೧೯೨೧ರಲ್ಲಿ ಅದರ ಫ್ರೆಂಚ್ ಹೆಸರಿನ ತುಣುಕಾದ ‘ಇನಾಕ್ಸ್’ ಸೇರಿ ವಿಕ್ಟೋರಿನಾಕ್ಸ್ ಆಯಿತು.

ಆದರೆ ಹಲವು ಉಪಕರಣಗಳನ್ನು ಬಳಿಯಲ್ಲಿಯೇ ಇರಿಸಿಕೊಳ್ಳುವ ಈ ಬಯಕೆ ಸ್ವಿಸ್ ಜನರದು ಮಾತ್ರವೆಂದು ತಿಳಿಯಬಾರದು. ಕೇಂಬ್ರಿಜ್ಜಿನ ಫಿಟ್ಸ್‌ವಿಲಿಯಂ ವಸ್ತುಸಂಗ್ರಹಾಲಯದಲ್ಲಿ ರೋಮನರ ಕಾಲದ, ಕ್ರಿಸ್ತಶಕ ಮೂರನೆಯ ಶತಮಾನದ್ದೆಂದು ಹೇಳಲಾಗುವ, ಬೆಳ್ಳಿಯ ಮಡಿಸುವ ಸಾಧನವೊಂದುಂಟು. ಚಮಚ, ಮುಳ್ಳುಚಮಚ, ಮೊನೆ, ಕಡ್ಡಿ, ಕಬ್ಬಿಣದ ಅಲಗು ಎಲ್ಲವೂ ಒಂದೇ ಹಿಡಿಯಲ್ಲಿ. ಅಷ್ಟು ದೂರ ಹೋಗುವುದಾದರೂ ಏತಕ್ಕೆ? ಕೊಡಗಿನವರು ಕುಪ್ಯವೆಂಬ ನಿಲುವಂಗಿಯ ಮೇಲೆ ಕೆಂಪು ರೇಷ್ಮೆಯ ಚೇಲೆಯನ್ನು ಬಿಗಿದು ಅದರಲ್ಲಿ ಸಿಕ್ಕಿಸಿಕೊಳ್ಳುವ ಪೀಚೆಕತ್ತಿಯನ್ನು ನಾವು ಇಂದು ಮದುವೆಯ ಅಲಂಕಾರವೆಂದು ನೋಡುತ್ತೇವೆ. ಹಳೆಯ ಪೀಚೆಕತ್ತಿಗಳ ಒರೆಗೆ ಕಟ್ಟಿದ ಬೆಳ್ಳಿಯ ಸರಪಣಿಯನ್ನು ಹತ್ತಿರದಿಂದ ನೋಡಿದರೆ, ಅದರ ತುದಿಯಲ್ಲಿ ಕಿವಿಯ ಗುಗ್ಗೆ ತೆಗೆಯುವ ಕಡ್ಡಿ, ಉಗುರು ಶುಚಿಮಾಡುವ ಮೊನೆ, ಮುಳ್ಳು ಕೀಳುವ ಚಿಮಟ ತೂಗಾಡುತ್ತಿರುವುದು ಕಾಣುತ್ತದೆ. ಕಾಡಿನಲ್ಲಿ ಅಲೆಯುವವನಿಗೆ ಶತ್ರುವಿಗಿಂತ ಮುಳ್ಳೇ ಹೆಚ್ಚು ಬಾರಿ ಎದುರಾಗುತ್ತದೆಂಬುದನ್ನು ಆ ಸರಪಣಿ ಮಾಡಿದವನು ಅರಿತಿದ್ದನು. ನನ್ನ ಅಜ್ಜಿಯ ಸೊಂಟದ ಸಂಚಿಯಲ್ಲಿಯೂ ಎಲೆ, ಅಡಿಕೆ, ಸುಣ್ಣದ ಡಬ್ಬಿಗಳ ಜೊತೆಗೆ ಅಡಕತ್ತರಿಯೊಂದಿರುತ್ತಿದ್ದಿತು. ಆ ಅಡಕತ್ತರಿ ಅಡಿಕೆಯನ್ನಲ್ಲದೆ ಹೂವಿನ ದಾರವನ್ನೂ, ಔಷಧದ ಬೇರನ್ನೂ, ಒಮ್ಮೆ ಊದಿಕೊಂಡ ನನ್ನ ಕೈಬೆರಳಲ್ಲಿ ಸಿಕ್ಕಿಕೊಂಡ ತಾಮ್ರದ ಉಂಗುರವನ್ನೂ ಕತ್ತರಿಸಿದೆ. ಅದು ಯಾವುದಕ್ಕಾಗಿ ಮಾಡಿದ್ದೋ ಅದೊಂದಕ್ಕೇ ಸಲ್ಲಬೇಕೆಂದು ಆಕೆಗೆ ಎಂದೂ ತೋರಲಿಲ್ಲ. ಬಳಿಯಲ್ಲಿರುವುದೇ ಒದಗಬೇಕೆಂದು ತೋರಿದ್ದಿತು.

ಸಾಮೀಪ್ಯದಿಂದ ಆಗುವ ಫಲ ಕೆಲಸ ಬೇಗ ಮುಗಿಯುವುದಷ್ಟೇ ಆಗಿದ್ದರೆ ಇಷ್ಟು ಬರೆಯುವ ಅವಶ್ಯಕತೆಯಿರಲಿಲ್ಲ. ಅದು ನಮ್ಮ ಕಣ್ಣನ್ನೇ ಬದಲಿಸುತ್ತದೆ. ಅಡುಗೆಮನೆಯ ಪ್ರೆಷರ್ ಕುಕ್ಕರಿನ ಹಿಡಿ ಸಡಿಲವಾಗಿರುವ ಮನೆಗಳನ್ನು ನಾನು ಎಷ್ಟು ಕಂಡಿದ್ದೇನೆಂದರೆ, ಹಿಡಿ ಬಿಗಿಯಾಗಿರುವ ಮನೆಯೇ ನನಗೆ ವಿಶೇಷವಾಗಿ ತೋರುತ್ತದೆ. ಮೊದಲ ದಿನ ಆ ಅಲುಗಾಟ ಗೃಹಿಣಿಯ ಗಮನಕ್ಕೆ ಬರುತ್ತದೆ. ಎರಡನೆಯ ದಿನ ಯಾರಿಗಾದರೂ ಹೇಳಬೇಕೆಂದುಕೊಳ್ಳುತ್ತಾಳೆ. ವಾರ ಕಳೆದ ಮೇಲೆ ಹಿಡಿಯ ಜೊತೆಗೆ ಬಟ್ಟೆಯನ್ನೂ ಹಿಡಿದು ಎತ್ತುವುದು ಕೈಗೆ ರೂಢಿಯಾಗುತ್ತದೆ. ತಿಂಗಳು ಕಳೆದರೆ ಅದು ಅಲುಗುತ್ತಿದೆಯೆಂಬುದೇ ಕಾಣದಾಗುತ್ತದೆ. ಬೇಳೆ ಬೆಂದ ಕುದಿನೀರು ಆ ಹಿಡಿಯ ಆಸರೆಯಲ್ಲಿ ಒಲೆಯಿಂದ ಕೆಳಗಿಳಿಯುತ್ತಿರುತ್ತದೆ. ನಮ್ಮ ಮನೆಗಳಲ್ಲಿ ವಸ್ತುಗಳು ಮಹಾಪಘಾತದಿಂದ ಹಾಳಾಗುವುದಕ್ಕಿಂತ ಹೆಚ್ಚಾಗಿ ಇಂಥ ಅರ್ಧ ಸುತ್ತಿನ ಸಡಿಲದಿಂದ ಹಾಳಾಗುತ್ತವೆ. ಮತ್ತು ಆ ಅರ್ಧ ಸುತ್ತು ನಮಗೆ ಕಾಣದಿರುವುದಕ್ಕೆ ಕಾರಣ ದೃಷ್ಟಿದೋಷವಲ್ಲ, ಅದನ್ನು ಕಂಡು ಮಾಡತಕ್ಕದ್ದೇನೂ ಇಲ್ಲವೆಂದು ಮನಸ್ಸು ತೀರ್ಮಾನಿಸಿರುವುದು. ಪರಿಹಾರ ಜೇಬಿನಲ್ಲಿರುವವನಿಗೆ ತೊಂದರೆಯನ್ನು ಕಾಣದಿರುವ ಅಗತ್ಯ ಬೀಳುವುದಿಲ್ಲ. ಈ ಚಾಕುವನ್ನು ಒಯ್ಯಲಾರಂಭಿಸಿದ ಮೇಲೆ ನಾನು ಕಂಡ ಸಡಿಲ ತಿರುಪುಗಳು, ಸಿಬಿರೆದ್ದ ಬೆಂಚುಗಳು, ಎಳೆ ಬಿಟ್ಟ ಚೀಲದ ಹೊಲಿಗೆಗಳು ಮೊದಲೂ ಅಲ್ಲಿಯೇ ಇದ್ದುವು.

ಬಿರಡೆಯ ಸುರುಳಿಯ ವಿಷಯವನ್ನೂ ಇಲ್ಲಿ ಹೇಳಬೇಕು. ಮದ್ಯ ಮುಟ್ಟದ ಮನೆಯಲ್ಲಿ ಹುಟ್ಟಿ ಬೆಳೆದವನಾದ ನನಗೆ ಅದು ಮೊದಮೊದಲು ವ್ಯರ್ಥವೆಂದೇ ತೋರಿದ್ದಿತು. ಆಮೇಲೆ, ತೆಂಗಿನಕಾಯಿಯ ಮೂಟೆಗೆ ಬಿಗಿದ, ಮಳೆಯಲ್ಲಿ ನೆನೆದು ಒಣಗಿ ಕಲ್ಲಾದ ನಾರಿನ ಹಗ್ಗದ ಗಂಟೊಂದರ ನಡುವೆ ಅದರ ಮೊನೆಯನ್ನು ತೂರಿಸಿ ಮೆಲ್ಲನೆ ಎಳೆದಾಗ, ಹಗ್ಗ ಕಡಿಯದೆ ಗಂಟು ಸಡಿಲವಾಯಿತು. ಅಲಗಿದ್ದೂ ಕತ್ತರಿಸದೆ ಬಿಚ್ಚುವುದರಲ್ಲಿ ಒಂದು ವಿಶೇಷವಾದ ತೃಪ್ತಿಯುಂಟು.

ಇಷ್ಟು ಒಪ್ಪಿದವರೂ ಒಂದು ತಪ್ಪು ದಾರಿ ಹಿಡಿಯುವುದುಂಟು. ಆರು ಉಪಕರಣಗಳಿಂದ ಸುಖವಾದರೆ ಅರುವತ್ತರಿಂದ ಹತ್ತರಷ್ಟು ಸುಖವಾಗಬೇಕಲ್ಲವೆ ಎಂಬುದು ಅವರ ಗಣಿತ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಜೋಸೆಫ್ ರಾಜರ್ಸ್ ಸಂಸ್ಥೆಯವರು ೧೮೨೨ರಲ್ಲಿ ೧೮೨೨ ಅಲಗುಗಳ ಚಾಕುವೊಂದನ್ನು ನಿರ್ಮಿಸಿದರು. ಕುಶಲತೆಯ ಪ್ರದರ್ಶನವಾಗಿ ಅದು ಅದ್ಭುತ, ಆದರೆ ಯಾವ ಜೇಬಿಗೂ ಸೇರಿದುದಲ್ಲ. ವಿಕ್ಟೋರಿನಾಕ್ಸಿನ ಸ್ವಿಸ್ ಚಾಂಪ್ ಎಂಬ ಮಾದರಿಯಲ್ಲಿ ೩೩ ಕಾರ್ಯಗಳುಂಟು, ತೂಕ ೧೮೫ ಗ್ರಾಂ. ಮೊದಲ ವಾರ ಎಲ್ಲರೂ ಅದನ್ನು ಹೆಮ್ಮೆಯಿಂದ ಒಯ್ಯುತ್ತಾರೆ, ಎರಡನೆಯ ತಿಂಗಳಲ್ಲಿ ಅದು ಮೇಜಿನ ಖಾನೆಯಲ್ಲಿರುತ್ತದೆ. ಖಾನೆಗೆ ಸೇರಿದ ಮೇಲೆ ಅದಕ್ಕೂ ಅಟ್ಟದ ಪೆಟ್ಟಿಗೆಗೂ ಭೇದವಿಲ್ಲ, ಪೆಟ್ಟಿಗೆಯದೇ ಮೇಲು. ಒಂದೊಂದು ಉಪಕರಣ ಹೆಚ್ಚಿದಾಗಲೂ ಸಾಮೀಪ್ಯ ಒಂದೊಂದು ಅಂಶ ಕುಂದುತ್ತದೆ. ಇದಕ್ಕೆ ವಿರುದ್ಧವಾದ ಉದಾಹರಣೆಯೆಂದು ಅಮೆರಿಕದ ಟಿಮ್ ಲೆದರ್‌ಮನ್ನನನ್ನು ಹೆಸರಿಸುವವರಿದ್ದಾರೆ. ಆತ ೧೯೭೫ರಲ್ಲಿ ಹೆಂಡತಿಯೊಡನೆ ಹಳೆಯ ಫಿಯೆಟ್ ಕಾರಿನಲ್ಲಿ ಯೂರೋಪನ್ನು ಸುತ್ತುವಾಗ, ಕೆಡುತ್ತಲೇ ಇದ್ದ ಕಾರಿಗೂ ಹೋಟೆಲುಗಳ ಸೋರುವ ಕೊಳಾಯಿಗೂ ತನ್ನ ಸ್ಕೌಟ್ ಚಾಕು ಸಾಲದೆ ಇಕ್ಕಳಕ್ಕಾಗಿ ಪರಿತಪಿಸಿದನು. ಅನೇಕ ವರ್ಷಗಳ ಶ್ರಮದ ನಂತರ ೧೯೮೩ರಲ್ಲಿ ಇಕ್ಕಳವನ್ನೇ ನಡುವಿಗಿಟ್ಟುಕೊಂಡ ಸಾಧನವನ್ನು ಮಾರುಕಟ್ಟೆಗೆ ತಂದನು. ಆದರೆ ಆತ ಸಂಖ್ಯೆಯನ್ನು ಹೆಚ್ಚಿಸಲು ಹೊರಟವನಲ್ಲ; ತನ್ನ ಪ್ರಯಾಣಕ್ಕೆ ಬೇಕಾಗಿದ್ದ ಒಂದನ್ನು ಕೇಳಿದವನು. ಕೊಳಾಯಿಯೊಡನೆ ದಿನವೂ ಗುದ್ದಾಡುವವರು ಇಕ್ಕಳ ಒಯ್ಯಲಿ. ನನ್ನ ದಿನಚರಿಗೆ ದೊಡ್ಡಲಗು, ಚಿಕ್ಕಲಗು, ಕತ್ತರಿ, ಎರಡು ತಿರುಪುಳಿ, ಮೊನೆ, ಸುರುಳಿ, ಚಿಮಟ ಸಾಕು; ನೂರು ಗ್ರಾಮಿಗೆ ಒಳಗಿನ ಆ ಭಾರ ಜೇಬಿನಲ್ಲಿದೆಯೆಂಬುದು ಅದು ಇಲ್ಲದ ದಿನ ಮಾತ್ರ ನನ್ನ ಅನುಭವಕ್ಕೆ ಬರುತ್ತದೆ.

ಉಕ್ಕಿನ ವಿಷಯದಲ್ಲಿಯೂ ಇದೇ ವಿವೇಕ ಕೆಲಸ ಮಾಡಿದೆ. ಈ ಚಾಕುವಿನ ಅಲಗು ರಾಕ್‌ವೆಲ್ ಮಾಪನದಲ್ಲಿ ಸುಮಾರು ೫೬ರಷ್ಟು ಗಡುಸು. ಇದಕ್ಕಿಂತ ಗಡುಸಾಗಿ ಹದಗೊಳಿಸಿದ ಚಾಕುಗಳು ಅನೇಕ. ಅವು ಹರಿತವನ್ನು ಹೆಚ್ಚು ಕಾಲ ಕಾಪಾಡಿಕೊಳ್ಳುತ್ತವೆ, ಮೊಂಡಾದರೆ ಮನೆಯ ಸಾಣೆಗೆ ಸುಲಭವಾಗಿ ಬಗ್ಗುವುದಿಲ್ಲ. ನನ್ನದು ಬೇಗ ಮೊಂಡಾಗುತ್ತದೆ, ಬೇಗ ತಿದ್ದಿಕೊಳ್ಳುತ್ತದೆ. ಸಾಣೆಕಲ್ಲು ಕೈಗೆ ಸಿಗದ ಊರಿನಲ್ಲಿ, ಪಿಂಗಾಣಿಯ ಕಾಫಿ ಬಟ್ಟಲನ್ನು ಬೋರಲು ಹಾಕಿ, ಅದರ ತಳದಲ್ಲಿ ಮೆರುಗು ಹತ್ತದೆ ಒರಟಾಗಿ ಉಳಿದಿರುವ ಉಂಗುರದ ಮೇಲೆ ಅಲಗನ್ನು ಸ್ವಲ್ಪವೇ ಓರೆಯಾಗಿ ಇಟ್ಟು ಈ ಮಗ್ಗುಲು ಹತ್ತು, ಆ ಮಗ್ಗುಲು ಹತ್ತು ಸಲ ಎಳೆದರೆ, ಉಂಗುರದ ಮೇಲೆ ಬೂದುಬಣ್ಣದ ಗೆರೆ ಮೂಡುತ್ತದೆ. ಕಾಗದದ ಅಂಚಿಗೆ ಅಲಗನ್ನು ಮುಟ್ಟಿಸಿದರೆ ಸೀಳು ಸದ್ದಿಲ್ಲದೆ ಇಳಿಯುತ್ತದೆ. ಕೀಲುಗಳಿಗೆ ತೆಂಗಿನೆಣ್ಣೆ ಬಿಡಬಾರದು, ಮಾಗಿಯಲ್ಲಿ ಹೆಪ್ಪುಗಟ್ಟಿ ಧೂಳನ್ನು ಹಿಡಿಯುತ್ತದೆ. ಬಿಸಿನೀರಿನಲ್ಲಿ ತೊಳೆದು ಒಣಗಿಸಿ ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಹಾಕಿದರೆ ಸಾಕು. ಈ ಶುಶ್ರೂಷೆಗೆ ತಿಂಗಳಿಗೊಂದು ಭಾನುವಾರದ ಕಾಲು ಗಂಟೆ ಹಿಡಿಯುತ್ತದೆ. ಮುಗಿದ ಮೇಲೆ ಒಂದೊಂದನ್ನೂ ಉಗುರಿನಿಂದ ಬಿಡಿಸಿ ಮುಚ್ಚುವಾಗ, ಬೆನ್ನಿನ ಪಟ್ಟಿ ಅಲಗನ್ನು ತನ್ನೆಡೆಗೆ ಸೆಳೆದುಕೊಳ್ಳುವ ಆ ದೃಢವಾದ ಸದ್ದು ಕೇಳುವುದಕ್ಕೆ ಹಿತವಾಗಿರುತ್ತದೆ.

ಚಾಕು ಆಯುಧವಲ್ಲವೆ, ಸಭ್ಯನು ಅದನ್ನು ಜೇಬಿನಲ್ಲಿಟ್ಟುಕೊಂಡು ಜನರ ನಡುವೆ ತಿರುಗಬಹುದೆ ಎಂಬ ಪ್ರಶ್ನೆ ಉಳಿದಿದೆ. ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಈ ಬಗೆಯ ಚಾಕುವಿನ ಅಲಗಿಗೆ ಬೀಗವಿಲ್ಲ; ಪಟ್ಟಿಯ ಒತ್ತಡವೊಂದೇ ಅದನ್ನು ತೆರೆದಿಡುತ್ತದೆಯಾದುದರಿಂದ, ಮೊನೆಯಿಂದ ತಿವಿಯಹೊರಟರೆ ಅದು ತಿವಿದವನ ಬೆರಳುಗಳ ಮೇಲೆಯೇ ಮಡಿಸಿಕೊಳ್ಳಬಹುದು. ಹಣ್ಣು ಹೆಚ್ಚುವುದಕ್ಕೆ ಯೋಗ್ಯವಾಗಿ, ಹೊಡೆದಾಟಕ್ಕೆ ಅಯೋಗ್ಯವಾಗಿ ಅದರ ಅಂಗರಚನೆಯೇ ಇದೆ. ಬ್ರಿಟನ್ನಿನ ೧೯೮೮ರ ಶಾಸನವು ಸಾರ್ವಜನಿಕ ಸ್ಥಳದಲ್ಲಿ ಹರಿತವಾದ ವಸ್ತುಗಳನ್ನು ನಿಷೇಧಿಸಿಯೂ, ಮೂರು ಇಂಚಿಗೆ ಮೀರದ ಮಡಿಸುವ ಜೇಬುಚಾಕುವಿಗೆ ವಿನಾಯಿತಿ ಕೊಟ್ಟಿರುವುದರಲ್ಲಿ ಈ ವಿವೇಚನೆ ಕಾಣುತ್ತದೆ. ನಮ್ಮ ಆಯುಧ ನಿಯಮಗಳೂ ಒಂಬತ್ತು ಇಂಚು ಉದ್ದವನ್ನೋ ಎರಡು ಇಂಚು ಅಗಲವನ್ನೋ ಮೀರಿದ ಅಲಗುಗಳನ್ನು ಹೆಸರಿಸಿ, ಗೃಹಕೃತ್ಯದ ಸಾಧನಗಳನ್ನು ಹೊರಗಿಟ್ಟಿವೆ. ವಿಮಾನದ ಒಳಗೆ ಮಾತ್ರ ಇದಕ್ಕೆ ಪ್ರವೇಶವಿಲ್ಲ, ಅದು ನ್ಯಾಯವೂ ಹೌದು. ಒಮ್ಮೆ ಮರೆತು ಜೇಬಿನಲ್ಲಿಯೇ ಒಯ್ದು, ತಪಾಸಣೆಯ ಸಾಲಿನಿಂದ ಹಿಂದಿರುಗಿ, ಬಿಡಲು ಬಂದಿದ್ದ ಅಣ್ಣನ ಮಗನ ಕೈಗೆ ಅದನ್ನು ಒಪ್ಪಿಸಿ ಹೋಗಬೇಕಾಯಿತು. ಪರಸ್ಥಳದಲ್ಲಿ ಕಳೆದ ಆ ಆರು ದಿನಗಳಲ್ಲಿ ನನ್ನ ಬಲಗೈ ತನ್ನಷ್ಟಕ್ಕೆ ತಾನೇ ಎಷ್ಟು ಸಲ ಜೇಬಿಗಿಳಿದು ಬರಿದಾಗಿ ಮೇಲೆದ್ದಿತೋ ಲೆಕ್ಕವಿಟ್ಟಿಲ್ಲ.

ಹರಿತವಾದುದನ್ನು ಮಕ್ಕಳಿಂದ ಬಚ್ಚಿಟ್ಟು ಬೆಳೆಸಿದರೆ ಅವರು ಅದನ್ನು ಮೊದಲು ಕಾಣುವುದು ಚಿತ್ರಗಳಲ್ಲಿ, ಕೊಲೆಯ ಸಾಧನವಾಗಿ. ಈ ಸರದಿಯನ್ನು ನಾವು ತಿರುಗಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಪಕ್ಕದ ಮನೆಯ ಒಂಬತ್ತು ವರ್ಷದ ಹುಡುಗ ಕಳೆದ ಬೇಸಿಗೆಯಲ್ಲಿ ಮುರಿದ ಪೆನ್ಸಿಲ್ ಹಿಡಿದುಕೊಂಡು ಬಂದು, “ಮಾವ, ನಿಮ್ಮ ಚಾಕು ಕೊಡಿ, ನಾನೇ ಹೆರೆದುಕೊಳ್ತೇನೆ” ಎಂದನು. ಜಗಲಿಯಲ್ಲಿ ಕೂರಿಸಿ, ಚಿಕ್ಕಲಗನ್ನು ಅವನ ಕೈಯಿಂದಲೇ ಬಿಡಿಸಿ, ಅಲಗು ಯಾವಾಗಲೂ ಮೈಯಿಂದ ಆಚೆಗೆ ಓಡಬೇಕೆಂದೂ, ಮುಚ್ಚುವಾಗ ಬೆರಳುಗಳು ಅದರ ದಾರಿಯಲ್ಲಿ ನಿಂತಿರಬಾರದೆಂದೂ ಹೇಳಿದೆನು. ಮೊದಲ ಸಿಪ್ಪೆ ದಪ್ಪವಾಗಿ ಬಂದು ಸೀಸ ಮುರಿಯಿತು. ಅವನು ನನ್ನ ಮುಖ ನೋಡಿದನು. ನಾನು ಏನೂ ಹೇಳಲಿಲ್ಲ. ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ಹಿಡಿದುಕೊಂಡು ಅವನು ಮತ್ತೆ ಹೆರೆಯಲಾರಂಭಿಸಿದನು. ಹಳದಿ ಬಣ್ಣದ ಅಂಚುಳ್ಳ ತೆಳ್ಳನೆಯ ಸಿಪ್ಪೆಗಳು ಒಂದೊಂದಾಗಿ ಸುರುಳಿಗೊಂಡು ಅವನ ಮೊಣಕಾಲಿನ ಮೇಲೆ ಬೀಳತೊಡಗಿದುವು. ಕೆಲಸ ಮುಗಿದ ಮೇಲೆ ಅಲಗನ್ನು ಅಂಗಿಯ ತುದಿಯಿಂದ ಒರೆಸಿ, ಬೆರಳುಗಳನ್ನು ದಾರಿಯಿಂದ ಸರಿಸಿ, ಸದ್ದು ಕೇಳುವವರೆಗೆ ಮಡಿಸಿ, ಚಾಕುವನ್ನು ನನ್ನ ಕೈಯಲ್ಲಿಟ್ಟು, ಪೆನ್ಸಿಲ್ಲಿನ ಮೊನೆಯನ್ನು ತನ್ನ ಅಂಗೈಯ ಮೇಲೆ ಊರಿ ನೋಡಿಕೊಳ್ಳುತ್ತ ಮನೆಗೆ ಓಡಿದನು.